ಲೀಟರಿಗೆ ಎಷ್ಟು ಕೊಡುತ್ತೆ?

ಹೊಸ ಕಾರು ಮನೆಯ ಮುಂದೆ ಬಂದು ನಿಂತಿದೆ ಎನ್ನಿ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬಾನೆಟ್ಟಿಗೆ ಕುಂಕುಮ ಹಚ್ಚಿ ಆಗಿದೆ. ಆಗ ಪಕ್ಕದ ಮನೆಯವರು ಬಂದು ಕೇಳುವ ಮೊದಲ ಪ್ರಶ್ನೆ ಯಾವುದು? ಬಣ್ಣದ ಬಗ್ಗೆ ಅಲ್ಲ, ವೇಗದ ಬಗ್ಗೆ ಅಲ್ಲ. ‘ಎಷ್ಟು ಕೊಡುತ್ತೆ?’ ಹಸು ಕೊಂಡವರನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ನಾವು ಕಾರು ಕೊಂಡವರಿಗೂ ಕೇಳುತ್ತೇವೆ. ಹಸುವಿನ ವಿಷಯದಲ್ಲಿ ಅದು ಹಾಲು, ಕಾರಿನ ವಿಷಯದಲ್ಲಿ ಕಿಲೋಮೀಟರು.

ಪೆಟ್ರೋಲ್ ಬೆಲೆ ಏರಿದಾಗ ಜನ ಸಣ್ಣ ಕಾರಿಗೆ ಇಳಿಯುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಅಮೆರಿಕದಲ್ಲಿ ಹಾಗೆ ಆದದ್ದೂ ಉಂಟು. ನಮ್ಮಲ್ಲಿ ಮಾತ್ರ ಕಥೆ ಬೇರೆ ದಾರಿ ಹಿಡಿಯಿತು. ಪೆಟ್ರೋಲ್ ತುಟ್ಟಿಯಾದಾಗಲೆಲ್ಲ ನಮ್ಮ ಕಾರುಗಳು ಬೇರೆ ಯಾರಿಗೋ ಎಂದು ಸರ್ಕಾರ ಅಗ್ಗವಾಗಿ ಇಟ್ಟಿದ್ದ ಇಂಧನವನ್ನು ಹುಡುಕಿಕೊಂಡು ಹೋದವು. ಒಮ್ಮೆ ಅದು ಗೃಹಿಣಿಯ ಅಡುಗೆ ಅನಿಲ, ಇನ್ನೊಮ್ಮೆ ರೈತನ ಡೀಸೆಲ್.

ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ

1973ರ ಅಕ್ಟೋಬರಿನಲ್ಲಿ ಇಸ್ರೇಲಿಗೂ ಅರಬ್ ದೇಶಗಳಿಗೂ ಯುದ್ಧ ನಡೆಯಿತು. ತೈಲ ರಾಷ್ಟ್ರಗಳು ಕೈ ಬಿಗಿಮಾಡಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲು. ಎಂಟು ಸಿಲಿಂಡರಿನ ದೋಣಿಯಂಥ ಕಾರುಗಳನ್ನು ಮಾರಿ ಜನ ಟೊಯೋಟಾ, ಹೋಂಡಾದಂಥ ಜಪಾನಿನ ಪುಟ್ಟ ಕಾರುಗಳತ್ತ ತಿರುಗಿದರು. 1975ರಲ್ಲಿ ಅಲ್ಲಿನ ಸಂಸತ್ತು ಕಾರುಗಳಿಗೆ ಮೈಲೇಜಿನ ಕನಿಷ್ಠ ಮಟ್ಟವನ್ನೇ ಕಾನೂನು ಮಾಡಿತು.

ಇಲ್ಲಿ ಏನಾಯಿತು? ಅದೇ ನವೆಂಬರಿನಲ್ಲಿ ವಿರೋಧ ಪಕ್ಷದ ಅಟಲ್ ಬಿಹಾರಿ ವಾಜಪೇಯಿ ಬೆಲೆ ಏರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಕಾರಿದ್ದವರಿಗೆ ಅಂಥ ದಾರಿಯೂ ಇರಲಿಲ್ಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳಾಚೆ ಅಂಗಡಿಯಲ್ಲಿ ಬೇರೆ ಕಾರೇ ಇರಲಿಲ್ಲ. ಲೀಟರಿಗೆ ಎಂಟು-ಹತ್ತು ಕಿಲೋಮೀಟರು ಕೊಡುತ್ತಿದ್ದ ಅಂಬಾಸಿಡರನ್ನು ಮಾರಿ ಏನನ್ನು ಕೊಳ್ಳುವುದು? ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬಸ್ಸು ಹತ್ತುವುದೇ ಉಳಿತಾಯ.

ಟ್ಯಾಕ್ಸಿಯವರು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಹೊಟ್ಟೆಗೇನು? ಮೊದಲು ದಾರಿ ಹುಡುಕಿದವರು ಅವರೇ. 1980ರ ಆಸುಪಾಸಿನಲ್ಲಿ ಅಂಬಾಸಿಡರಿಗೆ ಡೀಸೆಲ್ ಇಂಜಿನ್ ಬಂತು. ಶಕ್ತಿ ಕೇವಲ 37 ಅಶ್ವಬಲ. ಏರು ಬಂದರೆ ಏದುಸಿರು. ಒಳಗೆ ಕೂತವರು ಮಾತಾಡಬೇಕಾದರೆ ಕೂಗಬೇಕು. ಆದರೂ ಟ್ಯಾಕ್ಸಿ ಸ್ಟ್ಯಾಂಡ್‌ಗಳಲ್ಲಿ ಅದಕ್ಕೆ ಬೇಡಿಕೆ. ಕಂಪನಿಯ ಡೀಸೆಲ್ ಕಾರು ಕೊಳ್ಳಲಾಗದವರಿಗೆ ಮೆಟಡೋರ್ ವ್ಯಾನಿನ ಇಂಜಿನನ್ನು ಹಳೆಯ ಅಂಬಾಸಿಡರಿಗೆ ಕೂಡಿಸಿಕೊಡುವ ಗ್ಯಾರೇಜುಗಳಿದ್ದವು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ನಮಗೂ ಒಂದು ಸಣ್ಣ ಕಾರು ಸಿಕ್ಕಿತು. 796 ಸಿ.ಸಿ. ಇಂಜಿನ್, ಅಂಬಾಸಿಡರಿನ ಸುಮಾರು ಅರ್ಧದಷ್ಟು ತೂಕ. ಒಂದು ಲೀಟರಿನಲ್ಲಿ ಅದು ಓಡುವ ದೂರ ಕೇಳಿ ಜನ ಮೊದಮೊದಲು ನಂಬಲಿಲ್ಲ. ಮೈಲೇಜು ಎಂಬುದು ಮಧ್ಯಮ ವರ್ಗದ ಮಾತುಕತೆಗೆ ಬಂದದ್ದು ಆಗಲೇ ಇರಬೇಕು.

ಅಡುಗೆಮನೆಯಿಂದ ಡಿಕ್ಕಿಗೆ

ಮಾರುತಿಯ ಮೈಲೇಜೂ ಸಾಲದೆ ಬಂದ ಕಾಲ 1990ರ ದಶಕ. ಆಗ ಓಮ್ನಿ ವ್ಯಾನುಗಳು ಹಿಂದಿನಿಂದ ಒಂದು ಬಗೆಯ ವಾಸನೆ ಬಿಡುತ್ತಾ ಓಡಾಡುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅದು ಅಡುಗೆ ಅನಿಲದ ವಾಸನೆ. ಮನೆಗೆ ಬರುತ್ತಿದ್ದ ಸಿಲಿಂಡರ್ ಸಬ್ಸಿಡಿಯದು. ಅದನ್ನೇ ಸೀಟಿನ ಹಿಂದೆ ಮಲಗಿಸಿ ಇಂಜಿನ್ನಿಗೆ ಕೊಳವೆ ಎಳೆದರೆ ಪೆಟ್ರೋಲಿಗಿಂತ ಎಷ್ಟೋ ಅಗ್ಗದಲ್ಲಿ ಸವಾರಿ ಮುಗಿಯುತ್ತಿತ್ತು. ಇದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಒಲೆಗೆಂದು ಮಾಡಿದ ಸಿಲಿಂಡರಿಗೆ ಗುಂಡಿಯ ರಸ್ತೆಯ ಕುಲುಕಾಟವಾಗಲಿ, ಅಪಘಾತದ ಹೊಡೆತವಾಗಲಿ ತಡೆಯುವ ಕಟ್ಟುಮಸ್ತು ಇರುವುದಿಲ್ಲ. ಅಂಥ ವ್ಯಾನಿನಲ್ಲಿ ಶಾಲೆಗೆ ಹೋದ ಮಕ್ಕಳೂ ಉಂಟು. ಇಸವಿ 2000ದ ಸುಮಾರಿಗೆ ಕಾನೂನು ತಿದ್ದುಪಡಿಯಾಗಿ ವಾಹನಗಳಿಗೆಂದೇ ಬೇರೆ ಎಲ್‌ಪಿಜಿ, ಬೇರೆ ಟ್ಯಾಂಕು ಬಂದವು. ಬೆಂಗಳೂರಿನ ಆಟೋಗಳು ಆ ದಾರಿಗೆ ಹೊರಳಿದವು.

1998ರ ಡಿಸೆಂಬರಿನಲ್ಲಿ ಟಾಟಾ ಇಂಡಿಕಾ ಬಂತು. ಸಾಮಾನ್ಯ ಸಂಸಾರ ಕೊಳ್ಳಬಹುದಾದ ಸಣ್ಣ ಕಾರಿನಲ್ಲಿ ಡೀಸೆಲ್ ಇಂಜಿನ್! 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಬಿತ್ತು. ಬೆಂಗಳೂರಿನ ಕಾಲ್ ಸೆಂಟರ್ ಯುಗ ಶುರುವಾದದ್ದೂ ಆಗಲೇ. ನಡುರಾತ್ರಿ ನೌಕರರನ್ನು ಮನೆಮನೆಗೆ ಇಳಿಸುತ್ತಿದ್ದ ಸುಮೋ, ಕ್ವಾಲಿಸ್, ಇಂಡಿಕಾಗಳ ಹೊಟ್ಟೆಯಲ್ಲಿ ಇದ್ದದ್ದು ಡೀಸೆಲ್. ಕ್ವಾಲಿಸ್ ಹೋಗಿ 2005ರಲ್ಲಿ ಇನ್ನೋವಾ ಬಂದ ಮೇಲೆ ಡೀಸೆಲ್ ಗಾಡಿ ಎಂದರೆ ಟ್ಯಾಕ್ಸಿ ಎಂಬ ಕೀಳರಿಮೆಯೂ ಹೋಯಿತು. ರಾಜಕಾರಣಿಗಳು, ಗುತ್ತಿಗೆದಾರರು, ಡಾಕ್ಟರರು ಎಲ್ಲರಿಗೂ ಅದೇ ಬೇಕು.

32 ರೂಪಾಯಿಯ ಅಂತರ

ಡೀಸೆಲ್ ಅಗ್ಗವಾಗಿದ್ದುದು ತಾನಾಗಿ ಅಲ್ಲ. ಲಾರಿ, ಸರ್ಕಾರಿ ಬಸ್ಸು, ಟ್ರ್ಯಾಕ್ಟರ್, ನೀರೆತ್ತುವ ಪಂಪು ಇವೆಲ್ಲ ಓಡುವುದು ಅದರಿಂದ. ಡೀಸೆಲ್ ಏರಿದರೆ ತರಕಾರಿಯಿಂದ ಸಿಮೆಂಟಿನವರೆಗೆ ಎಲ್ಲವೂ ಏರುತ್ತದೆ ಎಂದು ಸರ್ಕಾರಗಳು ಅದರ ಬೆಲೆಯನ್ನು ಹಿಡಿದಿಟ್ಟಿದ್ದವು. ಪೆಟ್ರೋಲ್ ಉಳ್ಳವರ ಇಂಧನ, ಅದರ ಮೇಲೆ ತೆರಿಗೆ ಹಾಕಬಹುದು ಎಂಬುದು ಹಳೆಯ ಲೆಕ್ಕ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಡೀಸೆಲ್ ಬೆಲೆಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. ಅಲ್ಲಿಂದ ಎರಡರ ನಡುವಿನ ಬಿರುಕು ದೊಡ್ಡದಾಗುತ್ತಾ ಹೋಯಿತು. 2012ರ ಮೇ 24ರಂದು ಪೆಟ್ರೋಲ್ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿದಾಗ ದೆಹಲಿಯಲ್ಲಿ ಅದರ ಬೆಲೆ 73.18 ರೂ. ಡೀಸೆಲ್ 40.91 ರೂ. ಲೀಟರಿಗೆ 32 ರೂಪಾಯಿಯ ಅಂತರ!

ಇದರ ಮೇಲೆ ಡೀಸೆಲ್ ಇಂಜಿನ್ ಸ್ವಭಾವತಃ ಮಿತವ್ಯಯಿ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ಹತ್ತು ಪಟ್ಟು ಒತ್ತಿ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ; ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿಯೂ ಅಡಗಿರುತ್ತದೆ. ಆದರೆ ಆ ಒತ್ತಡ ತಡೆಯಲು ಇಂಜಿನ್ ಗಟ್ಟಿಯಾಗಿರಬೇಕು, ಇಂಧನ ಸಿಂಪಡಿಸುವ ಯಂತ್ರ ನಾಜೂಕಾಗಿರಬೇಕು. ಹಾಗಾಗಿ ಅದೇ ಕಾರಿನ ಡೀಸೆಲ್ ಮಾದರಿಗೆ ಸುಮಾರು ಒಂದು ಲಕ್ಷ ರೂಪಾಯಿ ಹೆಚ್ಚು.

ಈ ಒಂದು ಲಕ್ಷ ಯಾವಾಗ ಹಿಂದಿರುಗುತ್ತದೆ? ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 19 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೇಲಿನ ಬೆಲೆಯಲ್ಲಿ ಪೆಟ್ರೋಲಿನ ಖರ್ಚು ಕಿಲೋಮೀಟರಿಗೆ 4 ರೂ. 88 ಪೈಸೆ, ಡೀಸೆಲಿನದು 2 ರೂ. 15 ಪೈಸೆ. ಉಳಿತಾಯ 2 ರೂ. 73 ಪೈಸೆ. ಸುಮಾರು 36,600 ಕಿ.ಮೀ. ಓಡಿದರೆ ಲಕ್ಷ ಕೈಸೇರುತ್ತದೆ. ತಿಂಗಳಿಗೆ ಐದು ಸಾವಿರ ಕಿ.ಮೀ. ಓಡಿಸುವ ಟ್ಯಾಕ್ಸಿಯವನಿಗೆ ಏಳೆಂಟು ತಿಂಗಳು ಸಾಕು. ತಿಂಗಳಿಗೆ ಐನೂರು ಕಿ.ಮೀ. ಓಡಿಸುವವರಿಗೆ ಆರು ವರ್ಷ, ಅದೂ ಬೆಲೆಗಳು ಹಾಗೆಯೇ ಇದ್ದರೆ.

ನಮ್ಮ ಮನೆಗೆ ಕಾರು ಬಂದದ್ದು ಆ ವರ್ಷದ ದೀಪಾವಳಿಗೆ. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ರಫ್ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಲೆಕ್ಕ ಹಾಕಿ ಡೀಸೆಲ್ ಕಾರನ್ನೇ ತಂದರು. ಹಾಳೆಯಲ್ಲಿ ಲೀಟರಿನ ಬೆಲೆ ಇತ್ತು, ಮೈಲೇಜು ಇತ್ತು. ತಿಂಗಳಿಗೆ ಎಷ್ಟು ಓಡಿಸುತ್ತೇವೆ ಎಂಬುದೊಂದು ಇರಲಿಲ್ಲ. ಶಾಲೆ ನಾಲ್ಕು ಕಿಲೋಮೀಟರು ದೂರ, ಅಜ್ಜಿಯ ಊರಿಗೆ ವರ್ಷಕ್ಕೆ ಮೂರ್ನಾಲ್ಕು ಸಲ. ಎಂಟು ವರ್ಷದ ನಂತರ ಮಾರುವಾಗ ಕಾರು ಓಡಿದ್ದು 48 ಸಾವಿರ ಕಿಲೋಮೀಟರು. ಲಕ್ಷ ರೂಪಾಯಿ ಪೂರ್ತಿ ಹಿಂದಿರುಗಲೇ ಇಲ್ಲ. ಸಾಲದ ಬಡ್ಡಿಯನ್ನು ಅಪ್ಪ ಲೆಕ್ಕಕ್ಕೆ ಹಿಡಿಯಲೂ ಇಲ್ಲ.

ಅಪ್ಪನೊಬ್ಬರೇ ಅಲ್ಲ. 2012-13ರಲ್ಲಿ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಕಾರುಗಳು. ಫಿಯೆಟ್ ಕಂಪನಿಯ 1,248 ಸಿ.ಸಿ. ಡೀಸೆಲ್ ಇಂಜಿನ್ ಒಂದೇ ಫಿಯೆಟ್, ಮಾರುತಿ, ಟಾಟಾ ಹೀಗೆ ಹಲವು ಕಂಪನಿಗಳ ಕಾರುಗಳೊಳಗೆ ಕೂತು ‘ರಾಷ್ಟ್ರೀಯ ಇಂಜಿನ್’ ಎಂಬ ತಮಾಷೆಯ ಹೆಸರು ಪಡೆಯಿತು.

ಬಸ್ಸಿಗೆ ದುಬಾರಿ, ಕಾರಿಗೆ ಅಗ್ಗ

ರೈತನಿಗೆಂದು ಅಗ್ಗ ಮಾಡಿದ್ದನ್ನು ಹದಿನೈದು ಲಕ್ಷದ ಕಾರಿನವರು ಕುಡಿಯುತ್ತಿದ್ದಾರೆ ಎಂಬುದು ಸರ್ಕಾರಕ್ಕೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕಿರೀಟ್ ಪಾರಿಖ್ ನೇತೃತ್ವದ ಸಮಿತಿ 2010ರಲ್ಲೇ ಡೀಸೆಲ್ ಕಾರುಗಳ ಮೇಲೆ 80 ಸಾವಿರ ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಎಂದಿತ್ತು. ಅದು ಜಾರಿಗೆ ಬರಲಿಲ್ಲ.

ನನ್ನ ಮಟ್ಟಿಗೆ ಈ ಕಥೆಯ ಅತಿ ವಿಚಿತ್ರ ಅಧ್ಯಾಯ ಬಂದದ್ದು 2013ರ ಜನವರಿಯಲ್ಲಿ. ಬಂಕಿನಲ್ಲಿ ಡೀಸೆಲನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ನಿಧಾನವಾಗಿ ಏರಿಸುವುದು, ಸಗಟಾಗಿ ಕೊಳ್ಳುವವರಿಗೆ ಮಾತ್ರ ತಕ್ಷಣವೇ ಪೂರ್ತಿ ಮಾರುಕಟ್ಟೆ ಬೆಲೆ ಎಂದು ತೀರ್ಮಾನವಾಯಿತು. ಸಗಟಾಗಿ ಕೊಳ್ಳುವವರು ಯಾರು? ರೈಲ್ವೆ ಮತ್ತು ರಾಜ್ಯಗಳ ಸಾರಿಗೆ ಸಂಸ್ಥೆಗಳು. ಹಳ್ಳಿಯವರನ್ನು ಹೊತ್ತ ಸರ್ಕಾರಿ ಬಸ್ಸಿನ ಡೀಸೆಲಿಗೆ, ಪಕ್ಕದಲ್ಲೇ ಓಡುತ್ತಿದ್ದ ಖಾಸಗಿ ಕಾರಿನ ಡೀಸೆಲಿಗಿಂತ ಲೀಟರಿಗೆ ಸುಮಾರು ಹತ್ತು ರೂಪಾಯಿ ಹೆಚ್ಚು! ಕೆಲವು ಸಾರಿಗೆ ಸಂಸ್ಥೆಗಳು ತಮ್ಮ ಡಿಪೋದ ಟ್ಯಾಂಕು ಬಿಟ್ಟು ಬಸ್ಸುಗಳನ್ನು ಊರಿನ ಬಂಕಿಗೆ ಕಳಿಸಿದವು.

ಹೊಗೆಯ ಲೆಕ್ಕ ಬೇರೆ. 2012ರ ಜೂನ್‌ನಲ್ಲಿ, ಆ ಏಳೂವರೆ ರೂಪಾಯಿ ಏರಿಕೆಯಾಗಿ ಮೂರು ವಾರಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಘೋಷಿಸಿತು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದಿತು. ಅಲ್ಲಿನ ಹಳೆಯ ಕಾರುಗಳು ಬೇರೆ ರಾಜ್ಯಗಳ ಸೆಕೆಂಡ್ ಹ್ಯಾಂಡ್ ಸಂತೆಗೆ ಬಂದವು.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಡಲಾಯಿತು. ಅಷ್ಟರಲ್ಲಿ ಅಂತರ 11 ರೂಪಾಯಿಗೆ ಬಂದಿತ್ತು. ಅಪ್ಪನ ಹಾಳೆಯ 2 ರೂ. 73 ಪೈಸೆ ಒಂದೂವರೆ ರೂಪಾಯಿಗೆ ಇಳಿಯಿತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಮಾಲಿನ್ಯ ನಿಯಮ ಜಾರಿಯಾಗಿ ಡೀಸೆಲ್ ಇಂಜಿನ್ ಇನ್ನಷ್ಟು ದುಬಾರಿಯಾಯಿತು. ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಅದೇ ವರ್ಷ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಬೆಲೆ ಮೊದಲ ಬಾರಿಗೆ ಪೆಟ್ರೋಲನ್ನೇ ಮೀರಿ ನಿಂತಿತು. ನಾವು ಕಾರು ಮಾರಿದ್ದು ಆ ವರ್ಷವೇ. ಕೊಳ್ಳಲು ಬಂದವರು ಚೌಕಾಸಿಗೆ ಮೊದಲು ಹಿಡಿದ ಮಾತು, ‘ಡೀಸೆಲ್ ಅಲ್ವಾ ಸಾರ್’.

ನೂರು ದಾಟಿದ ಮೇಲೆ

2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. ಇನ್ನಾದರೂ ಸಣ್ಣ ಕಾರಿಗೆ ಬೇಡಿಕೆ ಬರಬೇಕಿತ್ತಲ್ಲವೆ? ಆದದ್ದು ಉಲ್ಟಾ. 2021-22ರಲ್ಲಿ ಎಸ್‌ಯುವಿ ಮಾದರಿಯ ಎತ್ತರದ ವಾಹನಗಳ ಮಾರಾಟ ಮಾಮೂಲಿ ಕಾರುಗಳನ್ನು ಹಿಂದೆ ಹಾಕಿತು. 2023ರಲ್ಲಿ ಆಲ್ಟೊ 800 ತಯಾರಿಕೆಯೇ ನಿಂತಿತು. ಪೆಟ್ರೋಲ್ ಬೆಲೆ ಯಾರ ಕೈ ಕಚ್ಚುತ್ತದೋ ಅವರು ಸಣ್ಣ ಕಾರಿಗೆ ಇಳಿಯಲಿಲ್ಲ, ಕಾರಿನ ಆಸೆಯನ್ನೇ ಮುಂದೂಡಿ ಸ್ಕೂಟರಿನಲ್ಲಿ ಉಳಿದರು. ಷೋರೂಮಿಗೆ ಬಂದವರು ಲೀಟರಿಗೆ ಹತ್ತು ರೂಪಾಯಿ ಏರಿದರೂ ನಿದ್ದೆಗೆಡದವರು. ಕಾರಿನ ಬೆಲೆ, ವಿಮೆ, ಸಾಲದ ಕಂತು ಎಲ್ಲವೂ ಏರಿದ್ದ ಕಾಲವದು. ಬರೀ ಪೆಟ್ರೋಲಿನ ಮೇಲೆ ಹೊರೆ ಹಾಕುವಂತಿಲ್ಲ.

ಮೈಲೇಜು ನೋಡುವವರ ಗುಂಪು ಈಗ ಸಿಎನ್‌ಜಿ ಕಡೆ ಹೊರಳಿದೆ. ಮಾರಾಟವಾಗುವ ಐದು ಕಾರುಗಳಲ್ಲಿ ಸುಮಾರು ಒಂದು ಅದರದು. ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ, ಬ್ಯಾಗು ತೊಡೆಯ ಮೇಲೆ, ಬಂಕಿನಲ್ಲಿ ಸಾಲು. ಇನ್ನು ಕೆಲವರು ವಿದ್ಯುತ್ ಕಾರಿನತ್ತ. ಬೆಂಗಳೂರಿನ ರೇವಾ 2001ರಲ್ಲೇ ಆ ದಾರಿ ತೋರಿಸಿದಾಗ ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಈಗಿನ ವಿದ್ಯುತ್ ಕಾರು ಯೂನಿಟ್ಟಿಗೆ ಆರೇಳು ಕಿ.ಮೀ. ಓಡುತ್ತದೆ, ತಿಂಗಳಿಗೆ ಸಾವಿರ ಕಿ.ಮೀ. ಎಂದರೆ ಸುಮಾರು 150 ಯೂನಿಟ್. 2023ರಲ್ಲಿ ರಾಜ್ಯ ಸರ್ಕಾರದ ಗೃಹಜ್ಯೋತಿ ಶುರುವಾದ ಮೇಲೆ ‘ಮನೆ ಕರೆಂಟಿನಲ್ಲೇ ಚಾರ್ಜ್ ಮಾಡಿಕೊಂಡರಾಯಿತು’ ಎಂಬ ಮಾತನ್ನು ನಾನು ಷೋರೂಮಿನಲ್ಲೇ ಕೇಳಿದ್ದೇನೆ. ಆದರೆ ಈ ಸಲ ಬಾಗಿಲಿಗೆ ಚಿಲಕ ಹಾಕಿಯೇ ಯೋಜನೆ ಮಾಡಿದ್ದಾರೆ. ಉಚಿತ ಯೂನಿಟ್ಟುಗಳನ್ನು ಮನೆಯ ಹಿಂದಿನ ಸರಾಸರಿ ಬಳಕೆಗೆ ಗಂಟುಹಾಕಲಾಗಿದೆ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅಪ್ಪ ನಿವೃತ್ತರಾಗಿದ್ದಾರೆ. ಮೊನ್ನೆ ನನ್ನ ಹಳೆಯ ಡೈರಿಯೊಂದರ ಹಾಳೆ ಹರಿದು ಯೂನಿಟ್ಟಿನ ಲೆಕ್ಕ ಹಾಕುತ್ತಾ ಕೂತಿದ್ದರು. ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದು ಈ ಸಲ ನಾನೇ ಮೊದಲು ಕೇಳಿದೆ.