ಸಂಶೋಧನಾ ಪತ್ರಿಕೆಗಳಲ್ಲಿ ಸತ್ಯನಿಷ್ಠೆ

ನಾಗಪುರ ಜಿಲ್ಲೆಯ ಕನ್ಹಾನ್ ನದಿಯ ದಡದಲ್ಲಿರುವ ಕಾಮಠಿಯ ಹೆಸರನ್ನು ಅಲ್ಲಿನ ಶಿಲಾಸ್ತರಗಳಿಗೆ ಇಡಲಾಗಿದೆ. ಇವುಗಳಲ್ಲಿರುವ ಗ್ಲೊಸಾಪ್ಟೆರಿಸ್ ಎಲೆಯ ಪಳೆಯುಳಿಕೆಗಳು ಆಫ್ರಿಕ, ಆಸ್ಟ್ರೇಲಿಯಗಳಲ್ಲಿಯೂ ದೊರೆತಿದ್ದು, ಆ ಭೂಭಾಗಗಳು ಹಿಂದೆ ಒಂದಾಗಿದ್ದುವೆಂಬುದಕ್ಕೆ ಆಧಾರವಾಗಿವೆ. ದೊರೆತ ಸ್ಥಳವನ್ನೇ ಸುಳ್ಳಾಗಿ ನಮೂದಿಸಿದರೆ ಇಂತಹ ನಿರ್ಣಯಗಳು ಕುಸಿಯುತ್ತವೆ. ಹಾಗೆ ನಡೆದದ್ದೂ ಉಂಟು. ಚಂಡೀಗಢದ ಪ್ರಾಧ್ಯಾಪಕರೊಬ್ಬರು ಹಿಮಾಲಯದವೆಂದು ಪ್ರಕಟಿಸಿದ್ದ ಕೆಲವು ಪಳೆಯುಳಿಕೆಗಳು ಮೊರಾಕೊದವನ್ನೇ ಹೋಲುತ್ತವೆಂದು ಆಸ್ಟ್ರೇಲಿಯದ ವಿಜ್ಞಾನಿ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಸುಮಾರು 25 ವರ್ಷಗಳ ಲೇಖನಗಳು ಸಂಶಯಕ್ಕೀಡಾದುವು. ಸಹಲೇಖಕರಲ್ಲಿ ಹಲವರು ಆ ಸ್ಥಳಗಳನ್ನು ಕಂಡೇ ಇರಲಿಲ್ಲ! ಪರಿಶೀಲಕ ತಜ್ಞರು ಹಸ್ತಪ್ರತಿಯನ್ನು ಓದುತ್ತಾರೆ, ಬೆಟ್ಟ ಹತ್ತುವುದಿಲ್ಲ. ಆದುದರಿಂದ ಮಾದರಿಗಳನ್ನು ಇತರರ ಪರೀಕ್ಷೆಗಾಗಿ ಕಾಪಿಡುವುದು ಲೇಖಕರ ಹೊಣೆ. ದೋಷ ಸಿದ್ಧವಾದೊಡನೆ ಲೇಖನವನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳುವುದು ಸಂಪಾದಕರ ಕರ್ತವ್ಯ.