ನಿಮಗಿದು ಗೊತ್ತೇ? ಸರಣಿ ಹಂತಕರನ್ನು ಹಿಡಿದುಕೊಟ್ಟ ಸಣ್ಣ ಸಣ್ಣ ಸಂಗತಿಗಳು!

ಇಪ್ಪತ್ತು ಹೆಣ್ಣುಮಕ್ಕಳ ಜೀವ ತೆಗೆದವನು ಯಾರು ಗೊತ್ತೇ? ಒಂದು ಕಾಲದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು! ಹೆಸರು ಮೋಹನ್ ಕುಮಾರ್. ಊರು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಕನ್ಯಾನ. ಪತ್ರಿಕೆಗಳು ಕೊಟ್ಟ ಹೆಸರು ಸೈನೈಡ್ ಮೋಹನ್.

ಆತನ ಉಪಾಯ ಕೇಳಿ. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡ ಹುಡುಗಿಯರನ್ನೇ ಹುಡುಕುತ್ತಿದ್ದ. ಹುಡುಗಿ ಯಾವ ಜಾತಿಯವಳೋ ತಾನೂ ಅದೇ ಜಾತಿ ಎನ್ನುತ್ತಿದ್ದ. ಅದಕ್ಕೊಪ್ಪುವ ಹೊಸ ಹೆಸರು. ಜೊತೆಗೆ ಸರ್ಕಾರಿ ನೌಕರಿ. ವರದಕ್ಷಿಣೆಯೇ ಬೇಡ ಅನ್ನುವ ಗಂಡು ಸಿಕ್ಕರೆ ಯಾರು ಬೇಡವೆಂದಾರು ಹೇಳಿ!

ಮದುವೆಯಾಗುತ್ತೇನೆಂದು ದೂರದ ಊರಿಗೆ ಕರೆದೊಯ್ದು, ಬಸ್ ನಿಲ್ದಾಣದ ಹತ್ತಿರದ ಲಾಡ್ಜ್‌ನಲ್ಲಿ ಇಳಿಯುತ್ತಿದ್ದ. ಮರುದಿನ ಬೆಳಿಗ್ಗೆ ‘ಬಂಗಾರ ರೂಮಿನಲ್ಲೇ ಇಡು’ ಎಂದು ಹೇಳಿ ಆಕೆಯನ್ನು ನಿಲ್ದಾಣಕ್ಕೆ ಕರೆತಂದು, ಗರ್ಭ ತಡೆಯುವ ಗುಳಿಗೆ ಎಂದು ಒಂದನ್ನು ಕೈಗಿಡುತ್ತಿದ್ದ. ಆಕೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ನುಂಗುತ್ತಿದ್ದಳು. ಅದು ಸೈನೈಡ್!

ಇನ್ನೊಂದು ಬೆರಗು! ಎಂಟು ಶವಗಳು ಮೈಸೂರಿನ ಲಷ್ಕರ್ ಮೊಹಲ್ಲಾ ಠಾಣೆಯ ಒಂದೇ ವ್ಯಾಪ್ತಿಯಲ್ಲಿ ಸಿಕ್ಕಿದ್ದವು. ಐದು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯ, ಮೈಮೇಲೆ ಒಳ್ಳೆಯ ಸೀರೆ, ಆದರೆ ಗುಂಜಿ ಬಂಗಾರವಿಲ್ಲ. ಪ್ರತಿ ಸಲವೂ ಅದೇ ನೋಟ! ಆದರೂ ಒಂದಕ್ಕೊಂದು ತಾಳೆ ಹಾಕಿದವರು ಯಾರೂ ಇರಲಿಲ್ಲ. ಅಸಹಜ ಸಾವು ಎಂದು ಬರೆದು ಕಡತ ಕಟ್ಟಿಟ್ಟರು. ಊರಲ್ಲಿ ಅಪ್ಪ ಅಮ್ಮ ಮಗಳು ಯಾರ ಜೊತೆಗೋ ಓಡಿಹೋದಳೆಂದು ತಿಳಿದು, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಇದನ್ನು ಬರೆಯುವಾಗ ನನ್ನ ಕರುಳು ಚುರುಕ್ಕೆನ್ನುತ್ತದೆ.

ಹಾಗಾದರೆ ಸಿಕ್ಕಿಬಿದ್ದದ್ದು ಹೇಗೆ? 2009ರ ಜೂನ್ ತಿಂಗಳಲ್ಲಿ ಬಂಟ್ವಾಳದ ಬರಿಮಾರು ಗ್ರಾಮದ 22 ವರ್ಷದ ಹುಡುಗಿ ಕಾಣೆಯಾದಳು. ಈ ಸಲ ಊರವರು ಸುಮ್ಮನಿರಲಿಲ್ಲ. ಬೀದಿಗಿಳಿದರು. ಹುಡುಕಿಕೊಡಿ ಎಂದು ಪೊಲೀಸರ ಬೆನ್ನು ಬಿದ್ದರು. ಒಬ್ಬ ಮಗಳಿಗಾಗಿ ಎದ್ದ ಕೂಗು ಇಪ್ಪತ್ತು ಸಾವುಗಳ ಗುಟ್ಟು ಬಿಚ್ಚಿತು!

ಇಲ್ಲಿಂದ ಮುಂದಿನದು ಸಿನಿಮಾ ಕಥೆಯನ್ನೂ ಮೀರಿಸುತ್ತದೆ. ಪೊಲೀಸರು ಆಕೆಗೆ ಬಂದ ಫೋನ್ ಕರೆಗಳ ಪಟ್ಟಿ ತೆಗೆಸಿದರು. ಪದೇ ಪದೇ ಬಂದ ನಂಬರ್ ಯಾರದ್ದು? ಬೇರೊಬ್ಬ ಹುಡುಗಿಯದು. ಆಕೆಯ ಮನೆಗೆ ಹೋದರೆ ಆಕೆಯೂ ಕಾಣೆ! ಆಕೆಗೆ ಕರೆ ಬರುತ್ತಿದ್ದ ನಂಬರ್ ಹಿಡಿದು ಹೋದರೆ ಮತ್ತೊಬ್ಬಳು. ಅವಳೂ ಕಾಣೆ!

ಗುಟ್ಟೇನು ಗೊತ್ತೇ? ಸತ್ತವಳ ಮೊಬೈಲಿನಿಂದಲೇ ಮುಂದಿನವಳಿಗೆ ಫೋನ್ ಮಾಡುತ್ತಿದ್ದ! ತನ್ನ ಹೆಸರು ಎಲ್ಲೂ ಬರಬಾರದೆಂದು ಹೂಡಿದ ಹಂಚಿಕೆ ಅದು. ಅದೇ ಹಂಚಿಕೆ ಸತ್ತ ಹೆಣ್ಣುಮಕ್ಕಳನ್ನು ಒಬ್ಬರಿಗೊಬ್ಬರನ್ನು ಜೋಡಿಸಿಟ್ಟಿತ್ತು. ಕೊನೆಗೆ ಆ ಪೈಕಿ ಒಂದು ಮೊಬೈಲು ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಒಬ್ಬ ಹುಡುಗನ ಕೈಯಲ್ಲಿ ಸಿಕ್ಕಿತು. ಇದನ್ನು ಕೊಟ್ಟವರಾರೆಂದು ಕೇಳಿದರೆ ಆತ ಹೇಳಿದ್ದು ತನ್ನ ಸಂಬಂಧಿ ಮೋಹನ್ ಕುಮಾರನ ಹೆಸರು! 2009ರ ಅಕ್ಟೋಬರಿನಲ್ಲಿ ಮೇಷ್ಟ್ರು ಪೊಲೀಸರ ವಶವಾದ.

ನ್ಯಾಯಾಲಯದಲ್ಲಿ ತನ್ನ ಪರವಾಗಿ ತಾನೇ ವಾದ ಮಾಡಿದ! ಆದರೆ ಗುಳಿಗೆ ನುಂಗಿಯೂ ಬದುಕುಳಿದ ಒಬ್ಬಾಕೆ ಸಾಕ್ಷಿ ಹೇಳಲು ಬಂದಳು. ಆ ಧೈರ್ಯಕ್ಕೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ಶಿಕ್ಷೆ ಕೊಟ್ಟಿತು. 2017ರಲ್ಲಿ ಹೈಕೋರ್ಟ್ ಅದನ್ನು ಸಾಯುವ ತನಕ ಸೆರೆವಾಸಕ್ಕೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬರುವಷ್ಟರಲ್ಲಿ 2020 ಬಂದಿತ್ತು!

ತಾನೇ ವಕೀಲನಾಗುವ ಈ ಚಾಳಿ ಅಮೆರಿಕದ ಟೆಡ್ ಬಂಡಿಗೂ ಇತ್ತು. ಆತ ಕಾನೂನು ಓದಿದ್ದವನು. ನನ್ನ ಕೇಸು ನಾನೇ ನಡೆಸುತ್ತೇನೆ, ಪುಸ್ತಕ ನೋಡಬೇಕು ಎಂದು ಕೋರ್ಟಿನ ಗ್ರಂಥಾಲಯಕ್ಕೆ ಹೋದ. 1977ರ ಜೂನ್‌ನಲ್ಲಿ ಅದೇ ಗ್ರಂಥಾಲಯದ ಕಿಟಕಿಯಿಂದ ಹಾರಿ ಓಡಿಹೋದ! ಸಿಕ್ಕಿಬಿದ್ದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, ಜೈಲಿನ ಚಾವಣಿಯ ತೂತಿನಿಂದ ಮತ್ತೆ ಪರಾರಿ!

ಅಮೆರಿಕದಲ್ಲೂ ಇಂಥವರನ್ನು ಹಿಡಿದುಕೊಟ್ಟದ್ದು ಚಿಲ್ಲರೆ ಸಂಗತಿಗಳೇ. ನ್ಯೂಯಾರ್ಕ್ ನಗರವನ್ನು ನಡುಗಿಸಿದ ಡೇವಿಡ್ ಬರ್ಕೊವಿಟ್ಜ್ 1977ರಲ್ಲಿ ಸಿಕ್ಕಿಬಿದ್ದದ್ದು ಪಾರ್ಕಿಂಗ್ ದಂಡದ ಚೀಟಿಯಿಂದ! ಕೊಲೆಯ ರಾತ್ರಿ ಆತ ಕಾರು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದ.

ಡೆನ್ನಿಸ್ ರೇಡರ್ ಹತ್ತು ಜನರನ್ನು ಕೊಂದು ಮೂವತ್ತು ವರ್ಷ ಪೊಲೀಸರ ಕಣ್ಣಿಗೆ ಮಣ್ಣೆರಚಿದ್ದ. ಫ್ಲಾಪಿ ಕಳಿಸಿದರೆ ಪತ್ತೆ ಹಚ್ಚಲು ಸಾಧ್ಯವೇ ಎಂದು ಪೊಲೀಸರನ್ನೇ ಕೇಳಿದ! ಇಲ್ಲ ಎಂದರು. ನಂಬಿ ಕಳಿಸಿಬಿಟ್ಟ. ಅದರಲ್ಲಿ ಅಳಿಸಿದ ಕಡತವೊಂದರೊಳಗೆ ಆತ ಹೋಗುತ್ತಿದ್ದ ಚರ್ಚಿನ ಹೆಸರೂ ‘ಡೆನ್ನಿಸ್’ ಎಂಬ ಹೆಸರೂ ಇದ್ದವು. 2005ರ ಫೆಬ್ರುವರಿಯಲ್ಲಿ ಬಂಧನ!

ಗ್ಯಾರಿ ರಿಡ್ಜ್‌ವೇ ಇನ್ನೂ ವಿಚಿತ್ರ. 1987ರಲ್ಲಿ ಪೊಲೀಸರು ಅವನ ಜೊಲ್ಲಿನ ಮಾದರಿ ತೆಗೆದಿಟ್ಟುಕೊಂಡು ಬಿಟ್ಟುಕಳಿಸಿದ್ದರು. ಹದಿನಾಲ್ಕು ವರ್ಷಗಳ ನಂತರ, ಡಿಎನ್ಎ ಪರೀಕ್ಷೆ ಸುಧಾರಿಸಿದ ಮೇಲೆ, ಅದೇ ಜೊಲ್ಲು ಅವನನ್ನು ಹಿಡಿಸಿತು. 49 ಕೊಲೆಗಳ ಅಪರಾಧಿ!

ಮತ್ತೆ ನಮ್ಮ ಸೈನೈಡ್‌ಗೆ ಬರೋಣ. ಈ ವಿಷಕ್ಕೂ ಬಂಗಾರಕ್ಕೂ ಹತ್ತಿರದ ನಂಟು ಗೊತ್ತೇ? ಅದಿರಿನಿಂದ ಬಂಗಾರ ಬಿಡಿಸುವುದೇ ಸೈನೈಡ್ ದ್ರಾವಣದಿಂದ. ನಮ್ಮ ರಾಯಚೂರಿನ ಹಟ್ಟಿ ಗಣಿಯಲ್ಲೂ ಅಷ್ಟೇ. ಕೆಜಿಎಫ್‌ನಲ್ಲಿ ಉಳಿದ ಮಣ್ಣಿನ ಗುಡ್ಡಗಳನ್ನು ಜನ ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ. ಗದಗ ಸೀಮೆಯ ಕಪ್ಪತಗುಡ್ಡದ ಸೆರಗಿನಲ್ಲೂ ಬ್ರಿಟಿಷರ ಕಾಲದಲ್ಲಿ ಬಂಗಾರ ತೆಗೆದಿದ್ದರು!

ಈ ವಿಷವನ್ನೇ ತೀರ್ಥದಲ್ಲಿ ಬೆರೆಸಿ ಕೊಟ್ಟ ಹೆಂಗಸೂ ಒಬ್ಬಳಿದ್ದಾಳೆ. ಬೆಂಗಳೂರು ಹತ್ತಿರದ ಕಗ್ಗಲೀಪುರದ ಕೆಂಪಮ್ಮ, ಅಲಿಯಾಸ್ ಸೈನೈಡ್ ಮಲ್ಲಿಕಾ. ದೇವಸ್ಥಾನಗಳಲ್ಲಿ ಕುಳಿತು, ಕಷ್ಟ ತೋಡಿಕೊಳ್ಳುವ ಹೆಂಗಸರನ್ನು ಗುರುತಿಸುತ್ತಿದ್ದಳು. ವಿಶೇಷ ಪೂಜೆ ಮಾಡಿಸೋಣ, ಒಡವೆ ಹಾಕಿಕೊಂಡು ಒಬ್ಬಳೇ ಬಾ ಎನ್ನುತ್ತಿದ್ದಳು! 1999ರಲ್ಲಿ ಮೊದಲ ಕೊಲೆ. ಉಳಿದ ಐದು ಕೊಲೆಗಳು 2007ರ ಕೊನೆಯ ಕೆಲವೇ ವಾರಗಳಲ್ಲಿ!

2017ರಲ್ಲಿ ಪರಪ್ಪನ ಅಗ್ರಹಾರ ಜೈಲಿಗೆ ತಮಿಳುನಾಡಿನ ರಾಜಕಾರಣಿ ಶಶಿಕಲಾ ಬಂದರಲ್ಲ, ಅವರ ಸಮೀಪದ ಕೋಣೆಯಲ್ಲಿ ಇದ್ದವಳು ಈ ಕೆಂಪಮ್ಮ! ಕೊನೆಗೆ ಇವಳನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಸಾಗಿಸಿದರು. ಸೈನೈಡ್ ಮೋಹನನನ್ನು ಇಟ್ಟದ್ದೂ ಅದೇ ಹಿಂಡಲಗಾದಲ್ಲಿ!

ಕಳ್ಳನನ್ನು ಹಿಡಿಯಬೇಕಾದವನೇ ಹಂತಕನಾದರೆ? ಚಿತ್ರದುರ್ಗ ಜಿಲ್ಲೆಯ ಉಮೇಶ್ ರೆಡ್ಡಿ ಮೊದಲು ಸಿಆರ್‌ಪಿಎಫ್‌ನಲ್ಲಿದ್ದ. ಅಲ್ಲಿಂದ ಓಡಿಬಂದ ಮೇಲೂ, ಹಿಂದಿನದನ್ನು ಮುಚ್ಚಿಟ್ಟು ಚಿತ್ರದುರ್ಗದ ಸಶಸ್ತ್ರ ಮೀಸಲು ಪೊಲೀಸ್ ಪಡೆಗೆ ಸೇರಿಕೊಂಡ! ಅಮೆರಿಕದ ಜೋಸೆಫ್ ಡಿಏಂಜೆಲೊ ಕೂಡ ಮಾಜಿ ಪೊಲೀಸನೇ. 2018ರಲ್ಲಿ 72ರ ವಯಸ್ಸಿನಲ್ಲಿ ಸಿಕ್ಕಿಬಿದ್ದ. ಹಿಡಿದುಕೊಟ್ಟದ್ದು ವಂಶಾವಳಿ ತಿಳಿಯಲೆಂದು ದೂರದ ನೆಂಟರು ಕೊಟ್ಟಿದ್ದ ಡಿಎನ್ಎ!

ಗಲ್ಲು ಶಿಕ್ಷೆಯಾಗಿದ್ದ ಉಮೇಶ್ ರೆಡ್ಡಿಯನ್ನು ಹಿಂಡಲಗಾದಲ್ಲಿ ಹತ್ತು ವರ್ಷ ಒಂಟಿ ಕೋಣೆಯಲ್ಲಿ ಕೂಡಿಟ್ಟಿದ್ದರು. ಅದು ಕಾನೂನಿಗೆ ವಿರುದ್ಧ ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ ಕನಿಷ್ಠ 30 ವರ್ಷ ಒಳಗಿರಲೇಬೇಕಾದ ಜೀವಾವಧಿ ಸೆರೆವಾಸ ಕೊಟ್ಟಿತು. ಕಾನೂನು ಎಲ್ಲರಿಗೂ ಒಂದೇ ಎಂಬುದು ನನಗೆ ಇಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ.

ಇನ್ನು ನಮ್ಮ ಉತ್ತರ ಕರ್ನಾಟಕದ ಸಂಗತಿ. ಲಾರಿ ಓಡಿಸುತ್ತಿದ್ದ ಸರಣಿ ಹಂತಕ ಜೈಶಂಕರ್ ತಮಿಳುನಾಡಿನವನು. 2011ರ ಮಾರ್ಚ್‌ನಲ್ಲಿ ಅಲ್ಲಿನ ಪೊಲೀಸರ ಕೈಯಿಂದ ತಪ್ಪಿಸಿಕೊಂಡು ಬಳ್ಳಾರಿ ಕಡೆಗೆ ಬಂದ. ಎರಡು ರಾಜ್ಯದ ಪೊಲೀಸರು ಹುಡುಕುತ್ತಿದ್ದರು. ಹಿಡಿದವರು ಯಾರು ಗೊತ್ತೇ? ವಿಜಯಪುರ ಜಿಲ್ಲೆಯ ಝಳಕಿ ಠಾಣೆ ಭಾಗದ ಏಳಗಿ ಊರಿನ ರೈತರು!

ಮೇ ತಿಂಗಳ ಬಿಸಿಲು. ಹೊಲದಲ್ಲಿ ಹೆಣ್ಣುಮಗಳೊಬ್ಬಳೇ ಕೆಲಸ ಮಾಡುತ್ತಿದ್ದಳು. ಈತ ಬಂದು ನೀರು ಕೇಳಿದ, ಉಣ್ಣಲು ಕೇಳಿದ. ಸುತ್ತ ಯಾರೂ ಇಲ್ಲವೆಂದು ಕಂಡು ಮೈಮೇಲೆ ಬಿದ್ದ. ಆಕೆ ಹೆದರಿ ಸುಮ್ಮನಾಗಲಿಲ್ಲ, ಚೀರಿದಳು. ಆಕೆಯ ಗಂಡ ಮತ್ತು ಗೆಳೆಯ ಓಡಿಬಂದು, ಬೆನ್ನಟ್ಟಿ ಹಿಡಿದು ಠಾಣೆಗೊಪ್ಪಿಸಿದರು. ತಾವು ಹಿಡಿದದ್ದು ಎಂಥವನನ್ನೆಂದು ಆಗ ಅವರಿಗೇನು ಗೊತ್ತು!

ಕಥೆ ಅಲ್ಲಿಗೇ ಮುಗಿಯಲಿಲ್ಲ. 2013ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಈತ ಪರಪ್ಪನ ಅಗ್ರಹಾರದಿಂದಲೇ ಪರಾರಿ! ನಕಲಿ ಕೀಲಿಯಿಂದ ಬಾಗಿಲು ತೆಗೆದ, ಪೊಲೀಸ್ ಬಟ್ಟೆ ತೊಟ್ಟ, ಬಿದಿರಿನ ಗಳ ಹಿಡಿದು ಮೂವತ್ತು ಅಡಿಯ ಗೋಡೆ ಏರಿದ. ಬಿದ್ದು ಕಾಲು ಮುರಿದುಕೊಂಡ. ತಲೆಗೆ ಐದು ಲಕ್ಷ ಬಹುಮಾನ ಘೋಷಿಸಿದರು. ಐದು ದಿನಗಳ ನಂತರ ಸಿಕ್ಕಿದ್ದೆಲ್ಲಿ? ಜೈಲಿನಿಂದ ಅನತಿ ದೂರದ ಕೂಡ್ಲು ಗೇಟಿನ ಬಳಿ!

ಠಕ್ಕರ ಕಥೆಯ ಹುಚ್ಚನ್ನು ವಿಲಾಯತಿಗೆ ಹಿಡಿಸಿದವನೂ ನಮ್ಮ ಸೀಮೆಯಲ್ಲಿದ್ದವನೇ! ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್, ಠಕ್ಕರ ಮೇಲೆ ಬರೆದ ಕಾದಂಬರಿ 1839ರಲ್ಲಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ದಾರಿಹೋಕರ ಸ್ನೇಹ ಬೆಳೆಸಿ, ಜೊತೆಗೆ ಉಂಡು, ವಸ್ತ್ರದಿಂದ ಕುತ್ತಿಗೆ ಬಿಗಿಯುವವರ ಕಥೆ ಅದು.

ಕೊನೆಗೊಂದು. ಅಮೆರಿಕದ ಝೋಡಿಯಾಕ್ ಎಂಬ ಹಂತಕ 1969ರಲ್ಲಿ ಗುಪ್ತ ಲಿಪಿಯ ಪತ್ರವೊಂದನ್ನು ಪತ್ರಿಕೆಗೆ ಕಳಿಸಿದ. ಅದನ್ನು ಬಿಡಿಸಲು 51 ವರ್ಷ ಬೇಕಾಯಿತು! 2020ರಲ್ಲಿ ಬಿಡಿಸಿದವರು ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂ ದೇಶಗಳ ಮೂವರು ಹವ್ಯಾಸಿಗಳು. ಇಷ್ಟೆಲ್ಲ ಮಾಡಿ ಓದಿದರೆ ಅದರಲ್ಲಿ ಹಂತಕನ ಹೆಸರೇ ಇರಲಿಲ್ಲ!