ಬಂದರಿನ ಹಕ್ಕು: ಕನ್ನಡ ಕರಾವಳಿಯಲ್ಲಿ ಹಡಗು ನಿಲ್ಲಿಸುವ ಬೆಲೆ

ಹಡಗು ಹೊತ್ತು ತಂದ ಸರಕಿನ ಮೇಲೆ ಎತ್ತುವ ಸುಂಕವೇ ಬೇರೆ. ಹಡಗು ರೇವಿನಲ್ಲಿ ನಿಂತುದಕ್ಕಾಗಿ ತೆಗೆದುಕೊಳ್ಳುವ ತೆರಿಗೆಯೇ ಬೇರೆ. ಮೊದಲನೆಯದು ವ್ಯಾಪಾರದಲ್ಲಿ ಅರಸನ ಪಾಲು. ಎರಡನೆಯದು, ನ್ಯಾಯವಾಗಿ ನೋಡಿದರೆ, ಸ್ಥಳದ ಬಾಡಿಗೆ. ಒಳನಾಡಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಮೊದಲನೆಯ ಬಗೆಯ ಕರಗಳು ವಿದ್ವಾಂಸರಿಗೆ ಚಿರಪರಿಚಿತವಾಗಿವೆ. ಎರಡನೆಯದರ ವಿಷಯವಾಗಿ ಅತಿ ಸ್ಪಷ್ಟವಾದ ಮಾತು ದೊರೆಯುವುದು ಕಲ್ಲಿನ ಮೇಲಲ್ಲ, ಪರದೇಶದ ಒಬ್ಬ ಯಾತ್ರಿಕನ ಪ್ರವಾಸಕಥನದಲ್ಲಿ.

ಮೊರಾಕ್ಕೋ ದೇಶದ ಇಬನ್ ಬತೂತನು ದಿಲ್ಲಿಯ ಸುಲ್ತಾನ ಮಹಮ್ಮದ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟುದು ೧೩೪೨ರಲ್ಲಿ. ಖಂಭಾತದ ಕಡೆಯಿಂದ ಸಮುದ್ರಮಾರ್ಗವಾಗಿ ತೆಂಕಣಕ್ಕೆ ಬರುತ್ತ, ಹೊನ್ನಾವರವನ್ನು ದಾಟಿ, ಅವನು ಫಾಕನೂರು ಎಂದು ಕರೆಯುವ ಪಟ್ಟಣವನ್ನು ಸೇರಿದನು. ಇದು ಬಾರಕೂರೇ ಎಂಬುದರಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ಶಾಸನಗಳ ಬಾರಕನ್ಯಾಪುರವೂ ಇದೇ. ಆಳುಪರ ರಾಜಧಾನಿಯಾಗಿದ್ದು, ಮುಂದೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೆ ತನ್ನ ಹೆಸರನ್ನೇ ಕೊಟ್ಟ ಈ ಪಟ್ಟಣವು ಇಂದು ಉಡುಪಿ ಜಿಲ್ಲೆಯಲ್ಲಿ, ಸೀತಾನದಿಯ ದಡದ ಒಂದು ಊರು. ಇಲ್ಲಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದೂ, ಅವುಗಳ ನಾಯಕನು ಲೂಲಾ ಎಂಬ ಮುಸಲ್ಮಾನನೆಂದೂ, ಅವನು ವರ್ತಕರನ್ನು ದೋಚುವ ಕಡಲುಗಳ್ಳನೆಂದೂ ಯಾತ್ರಿಕನು ಬರೆದಿರುವನು. ಬಳಿಕ ಆ ರೇವಿನ ಕಟ್ಟಳೆಯನ್ನು ವಿವರಿಸುತ್ತಾನೆ. ಊರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆಯೊಪ್ಪಿಸಬೇಕು. ಹಾಗೆ ಮಾಡದೆ ಮುಂದೆ ಸಾಗಿದ ಹಡಗನ್ನು ಅರಸನ ನೌಕೆಗಳು ಬೆನ್ನಟ್ಟಿ ಬಲಾತ್ಕಾರದಿಂದ ರೇವಿಗೆ ಎಳೆತರುತ್ತವೆ. ಅದರಿಂದ ಇಮ್ಮಡಿ ತೆರಿಗೆ ಸಲ್ಲುತ್ತದೆ. ಅರಸನ ಮನಸ್ಸು ಬರುವವರೆಗೆ ಅದನ್ನು ಮುಂದಕ್ಕೆ ಬಿಡುವುದಿಲ್ಲ. ಈ ಕಾಣಿಕೆಯ ಹೆಸರು ‘ಹಕ್ಕುಲ್ ಬಂದರ್’.

ಈ ಹೆಸರನ್ನು ಕನ್ನಡಿಗನಿಗೆ ಭಾಷಾಂತರಿಸಿ ಹೇಳಬೇಕಾದುದಿಲ್ಲವೆಂಬುದು ಒಂದು ಸ್ವಾರಸ್ಯ. ಅರಬಿಯ ಹಕ್ಕು, ಪಾರಸಿಯ ಬಂದರು, ಎರಡೂ ಕನ್ನಡದಲ್ಲಿ ಮನೆಮಾತಾಗಿ ಹೋಗಿವೆ. ಲಂಗರು ಎಂಬುದೂ ಪಾರಸಿಯ ಮಾತೇ. ಹಡಗು, ರೇವು, ಅಳಿವೆ ಎಂಬ ದೇಶ್ಯಗಳೂ, ಹಳಗನ್ನಡ ಕವಿಗಳ ಭೈತ್ರವೂ ಇದ್ದ ನುಡಿಗೆ, ಹಡಗನ್ನು ಕಟ್ಟಿ ನಿಲ್ಲಿಸುವ ಕಬ್ಬಿಣದ ಹೆಸರೂ, ನಿಲ್ಲಿಸುವ ತಾಣದ ಹೆಸರೂ, ನಿಲ್ಲಿಸಿದವನು ತೆರಬೇಕಾದ ಬಾಧ್ಯತೆಯ ಹೆಸರೂ ಪಶ್ಚಿಮ ಸಮುದ್ರದಾಚೆಯಿಂದ ಬಂದುವು. ಕರಾವಳಿಯ ಶಾಸನಗಳಲ್ಲಿ ನಖರದ ಜೊತೆಯಲ್ಲಿ ಕಾಣುವ ‘ಹಂಜಮಾನ’ವೆಂಬ ವರ್ತಕಸಂಘದ ಹೆಸರನ್ನು ಪಾರಸಿಯ ಅಂಜುಮನ್ ಶಬ್ದಕ್ಕೆ ಸಂಬಂಧಿಸುವುದು ವಾಡಿಕೆ. ಪದಗಳು ಬಂದ ದಾರಿಯೇ ಹಡಗುಗಳು ಬಂದ ದಾರಿ. ತೆರಿಗೆಯನ್ನು ಎತ್ತುವವನು ಮಾತ್ರ ಸ್ಥಳದ ಅರಸು.

ಬಂದರಿನ ಹಕ್ಕನ್ನು ಬರಿಯ ಸುಲಿಗೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದೇ ಕಥನದಲ್ಲಿ ಇನ್ನೊಂದು ಸಂಗತಿಯೂ ಇದೆ. ರಾಯಭಾರದ ಹಡಗುಗಳು ಲಂಗರು ಹಾಕಿದೊಡನೆ ಅರಸನು ತನ್ನ ಮಗನನ್ನೇ ಒತ್ತೆಯಾಳಾಗಿ ಹಡಗಿಗೆ ಕಳುಹಿಸಿದನು. ಆ ಮೇಲೆ ಪ್ರವಾಸಿಗಳು ದಡಕ್ಕಿಳಿದು ಮೂರು ರಾತ್ರಿ ಅವನ ಆತಿಥ್ಯವನ್ನು ಪಡೆದರು. ದಿಲ್ಲಿಯ ಸುಲ್ತಾನನ ಮೇಲಣ ಗೌರವದಿಂದಲೂ, ಹಡಗಿನವರೊಡನೆ ವ್ಯಾಪಾರ ಮಾಡಿ ಲಾಭ ಹೊಂದುವ ಆಸೆಯಿಂದಲೂ ಅರಸನು ಹೀಗೆ ನಡೆದನೆಂದು ಯಾತ್ರಿಕನ ಅಭಿಪ್ರಾಯ. ಯುವರಾಜನನ್ನು ಹಡಗಿಗೆ ಕಳುಹಿಸುವವನು ಕೇವಲ ದೋಚುವವನಲ್ಲ; ತಾನು ಪಡೆಯುವ ಹಣಕ್ಕೆ ಪ್ರತಿಯಾಗಿ ಅಭಯವನ್ನು ಮಾರುವವನು. ಆದರೂ ಕೊಳ್ಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಲಿಲ್ಲವೆಂಬುದನ್ನು ಮರೆಯಲಾಗದು. ಎಲ್ಲರ ಎದುರಿಗೂ ರಾಜಪುತ್ರನು ಹಡಗು ಹತ್ತುತ್ತಿದ್ದನೆಂದು ಭಾವಿಸುವುದೂ ಸಲ್ಲದು. ರಾಯಭಾರಿಗೆ ಸಂದ ಮರ್ಯಾದೆ ಸಾಮಾನ್ಯ ನಾವಿಕನಿಗೆ ಎಲ್ಲಿಂದ ಬರಬೇಕು?

ತಪ್ಪಿ ನಡೆದ ಹಡಗಿಗೆ ವಿಧಿಸುತ್ತಿದ್ದ ದಂಡನೆಯಲ್ಲಿ ಎರಡು ಭಾಗಗಳಿದ್ದುವು: ತೆರಿಗೆ ಇಮ್ಮಡಿಯಾಗುವುದು, ಹಡಗು ತಡೆಯಲ್ಪಡುವುದು. ಮೊದಲನೆಯದು ಎಣಿಕೆಗೆ ಸಿಕ್ಕುವಂಥದು. ಎರಡನೆಯದು ಎಣಿಕೆಯನ್ನು ಮೀರಿದುದು. ಪಶ್ಚಿಮ ಕರಾವಳಿಯ ನೌಕಾಯಾನವೆಲ್ಲ ಗಾಳಿಯ ಪಂಚಾಂಗಕ್ಕೆ ಕಟ್ಟುಬಿದ್ದಿತ್ತು. ಅರಬಸ್ಥಾನದ ಕಡೆಗೆ ಹೋಗುವ ಹಾಯಿಹಡಗು ಈಶಾನ್ಯದ ಗಾಳಿ ಇರುವಾಗಲೇ ಹೊರಡಬೇಕು. ಮುಂಗಾರು ಹಿಡಿಯಿತೆಂದರೆ ತೀರದಲ್ಲಿ ಯಾರೂ ಕಡಲಿಗಿಳಿಯರು. ಅಳಿವೆಗಳ ಬಾಯಲ್ಲಿ ಮರಳದಿಣ್ಣೆಯ ಮೇಲೆ ತೆರೆಯೊಡೆದು ದಾರಿಯೇ ಇಲ್ಲವಾಗುವುದು. ಹೀಗಿರಲು ಋತುವಿನ ಕೊನೆಯಲ್ಲಿ ಹಡಗೊಂದನ್ನು ಕೆಲವು ವಾರ ತಡೆದಿಟ್ಟರೆ ಅದರ ಒಡೆಯನು ಕಳೆದುಕೊಳ್ಳುತ್ತಿದ್ದುದು ಕೆಲವು ವಾರಗಳನ್ನಲ್ಲ, ಇಡೀ ಒಂದು ವರ್ಷದ ವ್ಯಾಪಾರವನ್ನು. ನಾವಿಕನು ಕಾಣಿಕೆಯನ್ನು ಮರುಮಾತಿಲ್ಲದೆ ಒಪ್ಪಿಸುತ್ತಿದ್ದುದಕ್ಕೆ ಮೂವತ್ತು ಯುದ್ಧನೌಕೆಗಳಷ್ಟೇ ಕಾರಣವೆನ್ನಲಾಗದು. ಋತುವೇ ಅರಸನ ಪಕ್ಷದಲ್ಲಿತ್ತು. ನಿಲ್ಲಿಸುವ ಬೆಲೆ ಏರುವುದು ನಿಲ್ಲುವವನ ಅವಸರಕ್ಕೆ ತಕ್ಕಂತೆ ಎಂಬ ಮಾತು ಬಾರಕೂರಿನಲ್ಲಿ ಅತಿ ನಿಷ್ಠುರವಾಗಿ ಕಾಣಬರುತ್ತದೆ.

ಇದು ಕರಾವಳಿಯ ಅರಸರು ಹೊಸದಾಗಿ ಹೂಡಿದ ತಂತ್ರವೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿಯೂ ದಾರಿಯಲ್ಲಿ ರೇವನ್ನು ಮುಟ್ಟಿದ ಹಡಗುಗಳಿಂದ ಶುಲ್ಕವನ್ನು ಕೇಳಬೇಕೆಂಬ ವಿಧಿಯಿದೆ. ಆದರೆ ಅದೇ ಪ್ರಕರಣವು ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನು ತಂದೆಯಂತೆ ಕಾಣಬೇಕೆಂದೂ, ನೀರಿನಿಂದ ಕೆಟ್ಟ ಸರಕಿಗೆ ಶುಲ್ಕವನ್ನು ಬಿಡಬೇಕು ಅಥವಾ ಅರ್ಧಕ್ಕಿಳಿಸಬೇಕೆಂದೂ ವಿಧಿಸುತ್ತದೆ. ಶಾಸ್ತ್ರವು ಶುಲ್ಕವನ್ನೂ ಕರುಣೆಯನ್ನೂ ಒಂದೇ ಅಧಿಕಾರಿಯ ಕೈಗೆ ಕೊಟ್ಟಿತು. ತೀರದ ಆಚಾರದಲ್ಲಿ ಶುಲ್ಕ ಉಳಿಯಿತು. ಕರುಣೆಯ ಭಾಗ ಬಹುಮಟ್ಟಿಗೆ ಶಾಸ್ತ್ರದಲ್ಲಿಯೇ ನಿಂತಿತು. ಒಡೆದ ಹಡಗಿನ ಸಾಮಾನು ರಾಜಭಂಡಾರಕ್ಕೆ ಸೇರುವುದು ಮಲಬಾರಿನ ರೂಢಿಯೆಂದು ಇಬನ್ ಬತೂತನೇ ಹೇಳುತ್ತಾನೆ. ದಾರಿ ತಪ್ಪಿ ಬಂದ ಹಡಗನ್ನು ದೇವರೇ ಕೊಟ್ಟ ಕೊಡುಗೆಯೆಂದು ದೋಚಿಕೊಳ್ಳುವ ಸಂಪ್ರದಾಯವನ್ನು ಮಾರ್ಕೊ ಪೋಲೋ ಅವನಿಗೂ ಮೊದಲೇ ವರ್ಣಿಸಿದ್ದನು.

ಈ ರೂಢಿಯನ್ನು ಬಿಟ್ಟುಕೊಟ್ಟ ರೇವುಗಳ ಕಥೆ ಇಲ್ಲಿ ಬಹಳ ಪ್ರಯೋಜನಕಾರಿ. ಪೂರ್ವ ಸಮುದ್ರದ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು ೧೨೪೪ರ ಸುಮಾರಿನಲ್ಲಿ ಒಂದು ಅಭಯಶಾಸನವನ್ನು ಕಂಬದಲ್ಲಿ ಕೊರೆಯಿಸಿದನು. ಹಿಂದಿನ ಅರಸರು ಗಾಳಿಗೆ ಸಿಕ್ಕಿ ಒಡೆದ ಹಡಗುಗಳ ಚಿನ್ನ, ಆನೆ, ಕುದುರೆ, ರತ್ನಗಳನ್ನೆಲ್ಲ ಕಿತ್ತುಕೊಳ್ಳುತ್ತಿದ್ದರೆಂದೂ, ತಾನು ಗೊತ್ತುಪಡಿಸಿದ ಸುಂಕವನ್ನುಳಿದು ಬೇರೆ ಏನನ್ನೂ ತೆಗೆದುಕೊಳ್ಳುವುದಿಲ್ಲವೆಂದೂ ಅದರಲ್ಲಿ ಘೋಷಿಸಿ, ಆಮದು ರಫ್ತುಗಳ ಮೇಲೆ ಮೂವತ್ತರಲ್ಲಿ ಒಂದು ಪಾಲೆಂದು ದರವನ್ನು ನಿಶ್ಚಯಿಸಿದನು. ಒಂದು ಶತಮಾನದ ಬಳಿಕ, ೧೩೫೮ರಲ್ಲಿ, ಅದೇ ರೇವಿನಲ್ಲಿ ರೆಡ್ಡಿ ದೊರೆ ಅನವೋತನೂ ವರ್ತಕರಿಗೆ ರಿಯಾಯಿತಿಗಳನ್ನು ಸಾರಿ ಹೇಳಬೇಕಾಯಿತು. ಪಶ್ಚಿಮದಲ್ಲಿ ಇದೇ ನೀತಿಗೆ ಹೆಸರಾದುದು ಕಲ್ಲಿಕೋಟೆ. ಅಲ್ಲಿ ಮಾತ್ರ ಒಡೆದ ಹಡಗಿನ ಸಾಮಾನು ಒಡೆಯನಲ್ಲಿಯೇ ಉಳಿಯುವುದರಿಂದ ಪಟ್ಟಣವು ಏಳಿಗೆಗೆ ಬಂದಿದೆಯೆಂದು ಇಬನ್ ಬತೂತನ ಅಭಿಪ್ರಾಯ. ನೂರು ವರ್ಷಗಳ ಮೇಲೆ, ೧೪೪೨-೪೩ರಲ್ಲಿ, ಅಲ್ಲಿಗೆ ಬಂದ ಹೇರಾತಿನ ಅಬ್ದುಲ್ ರಜಾಕನು ಇನ್ನೂ ವಿವರವಾಗಿ ಬರೆದಿರುವನು. ಸರಕು ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ; ಮಾರಾಟವಾಗದಿದ್ದರೆ ಏನೂ ಇಲ್ಲ; ಹಡಗು ಎಲ್ಲಿಂದ ಬಂದುದಾದರೂ, ಎಲ್ಲಿಗೆ ಹೊರಟುದಾದರೂ ಎಲ್ಲಕ್ಕೂ ಒಂದೇ ನಡತೆ. ಈತನೇ ಅಲ್ಲಿಂದ ಮಂಗಳೂರಿಗೆ ಬಂದಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದವನು. ಹಿಂದಿರುಗುವಾಗ ಹಡಗು ಹತ್ತಿದುದು ಹೊನ್ನಾವರದಲ್ಲಿ.

ಇಷ್ಟರಿಂದ ದರ ಇಳಿಸಿದ ರೇವು ಬೆಳೆಯಿತು, ಏರಿಸಿದ ರೇವು ಹಾಳಾಯಿತು ಎಂದು ನಿರ್ಣಯಿಸಿದರೆ ಅವಸರವಾಗುತ್ತದೆ. ಬಲಾತ್ಕಾರದ ಕಾಣಿಕೆಯಿದ್ದರೂ ಬಾರಕೂರು ಮುಂದೆಯೂ ಬಹುಕಾಲ ದೊಡ್ಡ ಪಟ್ಟಣವಾಗಿಯೇ ಇತ್ತು. ಅದಕ್ಕೆ ಮುಖ್ಯ ಕಾರಣ ಅಕ್ಕಿ. ಘಟ್ಟದ ಕೆಳಗಿನ ಗದ್ದೆಗಳ ಅಕ್ಕಿಯೂ, ಘಟ್ಟದಿಂದಿಳಿದು ಬರುವ ಮೆಣಸೂ ಬೇಕಾದವನು ಆ ಅಳಿವೆಗಳಿಗೆ ಬಂದೇ ತೀರಬೇಕು. ಕಲ್ಲಿಕೋಟೆಗಾದರೋ ಕರಾವಳಿಯ ಉದ್ದಕ್ಕೂ ಪ್ರತಿಸ್ಪರ್ಧಿಗಳಿದ್ದರು. ಬರುವವರನ್ನು ಓಲೈಸದೆ ಅದಕ್ಕೆ ಗತ್ಯಂತರವಿರಲಿಲ್ಲ. ಬೇರೆಡೆಗೆ ಹೋಗಬಲ್ಲವನಿಗೆ ಬೆಲೆ ಇಳಿಯುತ್ತದೆ, ಹೋಗಲಾರದವನಿಗೆ ಏರುತ್ತದೆ. ಸಾಮೂದ್ರಿಯ ಔದಾರ್ಯವನ್ನು ಕೊಂಡಾಡುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹದಿನಾರನೆಯ ಶತಮಾನದಲ್ಲಿ ಈ ಬೇರೆಡೆಯೆಂಬುದನ್ನೇ ಇಲ್ಲವಾಗಿಸುವ ಪ್ರಯತ್ನ ನಡೆಯಿತು. ೧೫೦೨ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆ ಬಿದ್ದು ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ಒಪ್ಪಿಸಿದನು. ೧೫೦೫ರಲ್ಲಿ ಅಲ್ಮೇದನು ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟನು. ಮೊದಲು ರೇವಿನ ಅರಸು ಹಡಗಿನಿಂದ ಕಾಣಿಕೆ ಪಡೆಯುತ್ತಿದ್ದನು. ಈಗ ಹಡಗಿನವನು ರೇವಿನಿಂದ ಕಪ್ಪವೆತ್ತಿದನು. ಇದಕ್ಕಿಂತಲೂ ದೂರಗಾಮಿಯಾದುದು ಕಾರ್ತಾಜು ಎಂಬ ಪರವಾನೆ. ಅದಕ್ಕೆ ತೆರಬೇಕಾದ ಹಣ ಅಲ್ಪ. ಆದರೆ ಅದನ್ನು ಪಡೆದ ಹಡಗು ಪೋರ್ಚುಗೀಸರ ಕೋಟೆಯಿದ್ದ ರೇವನ್ನು ಮುಟ್ಟಿ ಸುಂಕ ತೆತ್ತು ಮುಂದೆ ಹೋಗಬೇಕು. ಪರವಾನೆಯಿಲ್ಲದ ಹಡಗನ್ನು ಸೆರೆಹಿಡಿಯಬಹುದು. ಬಾರಕೂರಿನ ಅರಸು ತನ್ನ ಅಳಿವೆಯ ಮುಂದೆ ಮಾತ್ರ ನಡೆಸುತ್ತಿದ್ದ ಕಟ್ಟಳೆಯನ್ನೇ ಗೋವೆಯವರು ಸಮುದ್ರದಗಲಕ್ಕೂ ಹರಡಿದರೆಂದರೆ ಉತ್ಪ್ರೇಕ್ಷೆಯಾಗದು. ೧೫೬೮-೬೯ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳೆದ್ದುವು. ಗೋವೆಯ ಅನ್ನ ಬಹುಮಟ್ಟಿಗೆ ಈ ರೇವುಗಳಿಂದಲೇ ಹೋಗುತ್ತಿತ್ತು. ೧೬೫೨ರಿಂದ ೧೬೫೪ರೊಳಗೆ ಕೆಳದಿಯ ಶಿವಪ್ಪನಾಯಕನು ಇವರನ್ನು ಹೊರದೂಡಿದುದನ್ನು ಶೌರ್ಯದ ಕಥೆಯಾಗಿ ಹೇಳುವುದುಂಟು. ಅಳಿವೆಯ ಬಾಗಿಲು ಯಾರ ಕೈಯಲ್ಲಿರಬೇಕೆಂಬ ಆದಾಯದ ಪ್ರಶ್ನೆಯೂ ಅದರಲ್ಲಿ ಅಡಗಿತ್ತು.

ಈ ಹಳೆಯ ವಿವಾದಗಳಿಗೆಲ್ಲ ಉತ್ತರ ಕೊಡುವಂತೆ ತೋರುವುದು ೧೯೦೮ರ ಭಾರತೀಯ ಬಂದರುಗಳ ಅಧಿನಿಯಮ. ಸರಕನ್ನು ಇಳಿಸದೆ, ಏರಿಸದೆ ಬರಿದೆ ಬಂದುಹೋಗುವ ಹಡಗಿನಿಂದ ಪೂರ್ಣ ದರದ ಅರ್ಧಕ್ಕಿಂತ ಹೆಚ್ಚು ಬಂದರು ತೆರಿಗೆ ಎತ್ತಕೂಡದೆಂದು ಅದು ವಿಧಿಸಿತ್ತು. ರೇವನ್ನು ಬಿಟ್ಟ ಮೇಲೆ ಬಿರುಗಾಳಿಯಿಂದಲೋ ಜಖಮಿನಿಂದಲೋ ಹಿಂದಿರುಗಬೇಕಾದ ಹಡಗಿಗೆ ಆ ತೆರಿಗೆಯೇ ಇರಲಿಲ್ಲ. ವಿಹಾರನೌಕೆಗಳಿಗೂ ವಿನಾಯಿತಿಯಿತ್ತು, ಆ ಕಾಲದಲ್ಲಿ ವಿಹಾರನೌಕೆಯುಳ್ಳವರು ಯಾರೆಂಬುದನ್ನು ನೆನೆದರೆ ಇದರ ಅರ್ಥ ತಾನಾಗಿ ಹೊಳೆಯುತ್ತದೆ. ೨೦೨೫ರ ಹೊಸ ಅಧಿನಿಯಮವು ಬರುವವರೆಗೆ ಈ ಶಾಸನವೇ ನಡೆಯಿತು.

ಪಣಂಬೂರಿನ ನವಮಂಗಳೂರು ಬಂದರು ೧೯೭೪ರಲ್ಲಿ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಇಂತಹ ಬಂದರುಗಳ ದರಪಟ್ಟಿಯಲ್ಲಿ ಹಡಗು ನಿಲ್ಲುವ ಬೆಲೆ ಮೂರಾಗಿ ಒಡೆದಿದೆ: ಪ್ರವೇಶದ ಬಂದರು ತೆರಿಗೆ, ದಾರಿ ತೋರುವ ಚಾಲಕನ ಶುಲ್ಕ, ಹಡಗುಕಟ್ಟೆಯ ಬಾಡಿಗೆ. ಮೂರಕ್ಕೂ ಆಧಾರ ಹಡಗಿನ ಗಾತ್ರ. ಕಟ್ಟೆಯ ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಎಣಿಸುತ್ತಾರೆ. ೧೯೯೭ರಲ್ಲಿ ಸ್ಥಾಪಿತವಾದ ದರ ಪ್ರಾಧಿಕಾರದ ಕಾಲದಲ್ಲಿ, ಹಡಗು ಹೊರಡಲು ಸಿದ್ಧವೆಂದು ಸೂಚನೆ ಕೊಟ್ಟ ನಾಲ್ಕು ಗಂಟೆಗಳ ಮೇಲೆ ಬಾಡಿಗೆ ನಿಲ್ಲಬೇಕೆಂದೂ, ಸಿದ್ಧವಾಗದೆ ಸುಳ್ಳು ಸೂಚನೆ ಕೊಟ್ಟರೆ ಒಂದು ದಿನದ ಬಾಡಿಗೆಯ ದಂಡವೆಂದೂ ನಿಯಮವಿತ್ತು. ಅರಸನ ಮನಸ್ಸು ಬರುವವರೆಗೆ ಎಂಬ ಅಳತೆಯಿಂದ ನಾಲ್ಕು ಗಂಟೆಯೆಂಬ ಅಳತೆಗೆ ಬರಲು ಆರೂವರೆ ಶತಮಾನಗಳು ಬೇಕಾದುವು. ೨೦೨೧ರ ಪ್ರಧಾನ ಬಂದರು ಪ್ರಾಧಿಕಾರಗಳ ಅಧಿನಿಯಮವು ಆ ದರ ಪ್ರಾಧಿಕಾರವನ್ನು ತೆಗೆದುಹಾಕಿ, ದರ ನಿಗದಿಯನ್ನು ಆಯಾ ಬಂದರಿನ ಮಂಡಳಿಗೇ ಬಿಟ್ಟಿದೆ. ರೇವಿನ ಒಡೆಯನೇ ರೇವಿನ ಬೆಲೆಯನ್ನು ಗೊತ್ತುಮಾಡುವುದು ಮತ್ತೆ ಬಂದಿತು. ಮಂಡಳಿಗೆ ಯುದ್ಧನೌಕೆಗಳಿಲ್ಲವೆಂಬುದಷ್ಟೇ ಭೇದವಲ್ಲ, ಹಡಗಿಗೆ ಕೊಚ್ಚಿಯೂ ಮರ್ಮಗೋವೆಯೂ ಹತ್ತಿರದಲ್ಲಿವೆ.

ಆದರೆ ಹೋಗಲು ಬೇರೆಡೆಯಿಲ್ಲದ ದೋಣಿಗಳು ಇಂದಿಗೂ ಉಂಟು. ಬಾರಕೂರಿಗೆ ಸ್ವಲ್ಪ ತೆಂಕಣಕ್ಕಿರುವ ಮಲ್ಪೆಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ಮೀನುಗಾರಿಕೆಗೆ ನಿಷೇಧವಿರುವ ಅರುವತ್ತೊಂದು ದಿನಗಳಲ್ಲಿ ಎಲ್ಲ ದೋಣಿಗಳೂ ಒಮ್ಮೆಗೇ ಒಳಬಂದು ನಿಲ್ಲಬೇಕು. ಕಟ್ಟೆಯ ಉದ್ದ ದೋಣಿಗಳ ಸಂಖ್ಯೆಗೆ ಸಾಲದು. ಕಟ್ಟೆಗೆ ಒಂದು ದೋಣಿ, ಆ ದೋಣಿಗೆ ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಪಕ್ಕಪಕ್ಕದಲ್ಲಿ ಹಗ್ಗದಿಂದ ಬಿಗಿದು ನಿಲ್ಲಿಸುತ್ತಾರೆ. ಹೊರಸಾಲಿನ ದೋಣಿಯವನು ದಡಕ್ಕೆ ಬರಬೇಕಾದರೆ ಉಳಿದವರ ದೋಣಿಗಳನ್ನು ದಾಟಿ ಬರಬೇಕು. ತೆರೆ ಎದ್ದಾಗ ಒಂದರ ಮೈ ಇನ್ನೊಂದಕ್ಕೆ ಉಜ್ಜಿ ಹಲಗೆ ಸವೆಯುತ್ತದೆ. ಸರಕಾರದ ದರ ಎಷ್ಟೇ ಕಡಮೆಯಿರಲಿ, ಈ ಸವೆತ ಯಾವ ದರಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಆಗಸ್ಟ್ ತಿಂಗಳ ಮೊದಲ ದಿನ ಬಂದಾಗ ಕಟ್ಟೆಗೆ ಅಂಟಿಕೊಂಡಿರುವ, ಎಲ್ಲಕ್ಕಿಂತ ಒಳ್ಳೆಯ ಸ್ಥಳ ಹಿಡಿದ ದೋಣಿಯು, ಹೊರಗಿನವೆಲ್ಲ ಬಿಚ್ಚಿ ಸರಿಯುವವರೆಗೆ ಕಾಯಬೇಕಾಗುತ್ತದೆ.